ಒಣಹಾಕಿದ ಬಟ್ಟೆ ನೋಡಿ ಕೊಂಡ ಮನೆ

ಶಾಲೆಯಲ್ಲಿ ಪಾಠ ಮುಗಿಸಿ ಬಂದವನು ಹಿತ್ತಲಿಗೆ ಹೋದರೆ ಅವ್ವ ಬಾವಿಯ ಪಕ್ಕದ ಕಲ್ಲಿನ ಮುಂದೆ ನಿಂತು ಬಾಡಿಗೆ ಮನೆಯ ಒಡತಿಯ ಸೀರೆ ಒಗೆಯುತ್ತಿದ್ದಳು. ಕೊಪ್ಪಳದಲ್ಲಿ ಸ್ವಂತದ್ದೊಂದು ಮನೆ ಕೊಳ್ಳಲೇಬೇಕೆಂದು ನಾನು ನಿಶ್ಚಯಿಸಿದ್ದು ಆ ಸಂಜೆ.

ನಾವು ಅಗಸರು. ಯಲಬುರ್ಗಿ ಕಡೆಯ ಹಳ್ಳಿಯವರು. ಊರಿನ ಬಟ್ಟೆ ಒಗೆದು, ಹೊತ್ತು ಮುಳುಗುವಾಗ ಬುಟ್ಟಿ ಹಿಡಿದು ಬಾಗಿಲು ಬಾಗಿಲಿಗೆ ನಿಂತು ರೊಟ್ಟಿ ಪಡೆದು, ಸುಗ್ಗಿಯಲ್ಲಿ ಕಣಕ್ಕೆ ಹೋಗಿ ಜೋಳ ತಂದು ಬದುಕಿದ ಮನೆತನ. ಅದರಲ್ಲಿ ಮೊದಲು ಅಕ್ಷರ ಕಲಿತವನು ನಾನು. ಬಿ.ಎ. ಮಾಡಿದವನಂತೂ ಸುತ್ತಿನ ತಾಲೂಕುಗಳ ನಮ್ಮ ಕುಲದಲ್ಲಿ ಮತ್ತೊಬ್ಬನಿದ್ದುದನ್ನು ನಾನು ಕೇಳಿಲ್ಲ. ಇದನ್ನು ಹೇಳಿಕೊಳ್ಳಲು ನನಗೆ ಸಂಕೋಚವಿಲ್ಲ. ಹೈದರಾಬಾದಿನಲ್ಲಿ ಒಂದು ಇಸ್ತ್ರಿ ಅಂಗಡಿಯ ಹಿಂಬದಿಯಲ್ಲಿ ಮಲಗಿ, ಬೆಳಗ್ಗೆ ಉರ್ದುವಿನಲ್ಲಿ ಪಾಠ ಕೇಳಿ, ಮಧ್ಯಾಹ್ನದಿಂದ ಕೆಂಡದ ಇಸ್ತ್ರಿಪೆಟ್ಟಿಗೆ ಎಳೆದು ಗಳಿಸಿದ ಪದವಿ ಅದು. ಹೆಬ್ಬೆರಳಿನ ಮೇಲಿನ ಸುಟ್ಟ ಕಲೆ ಇನ್ನೂ ಹೋಗಿಲ್ಲ.

ಕೊಪ್ಪಳದ ವಸ್ತಾನಿಯಾ ಶಾಲೆಯಲ್ಲಿ, ಅಂದರೆ ಈಗಿನವರು ಮಿಡಲ್ ಸ್ಕೂಲ್ ಅನ್ನುವುದರಲ್ಲಿ, ನನಗೆ ಮಾಸ್ತರಿಕೆ ಸಿಕ್ಕಿತು. ಆಗ ಎರಡನೆಯ ಮಹಾಯುದ್ಧ ನಡೆದಿತ್ತು. ಬಟ್ಟೆ, ಸೀಮೆಎಣ್ಣೆ ಎಲ್ಲ ಚೀಟಿಯ ಮೇಲೆ. ಅಪ್ಪ ತೀರಿಕೊಂಡ ಮೇಲೆ ಅವ್ವನನ್ನು ಕರೆತಂದು, ಪೇಟೆಯ ಹತ್ತಿರ ಒಂದು ಮನೆಯ ಅರ್ಧ ಭಾಗವನ್ನು ಬಾಡಿಗೆಗೆ ಹಿಡಿದಿದ್ದೆ. ನನಗಿನ್ನೂ ಮದುವೆಯಾಗಿರಲಿಲ್ಲ. ಅವ್ವನ ಬಲಭುಜ ಎಂದೋ ಕೆಟ್ಟಿತ್ತು. ತಲೆ ಬಾಚಿಕೊಳ್ಳಲು ಕೈ ಮೇಲೇಳುತ್ತಿರಲಿಲ್ಲ. ಇನ್ನು ಮೇಲೆ ಆಕೆ ಯಾರ ಬಟ್ಟೆಯನ್ನೂ ಮುಟ್ಟಬಾರದೆಂದು ನಾವಿಬ್ಬರೂ ಊರು ಬಿಡುವಾಗಲೇ ನಾನು ಆಣೆ ಮಾಡಿದ್ದೆ.

"ಏನಬೇ ಇದು?" ಎಂದೆ.

"ಎರಡ ಸೀರಿ ಅದಾವ ಅಷ್ಟ. ಆಕಿ ಬಾಯಿ ಬಿಟ್ಟ ಕೇಳಿದ್ಲು, ಹೆಂಗ ಒಲ್ಲೆ ಅನ್ನಲಿ?"

"ಬಾಡಿಗಿ ಕೊಡೂದಿಲ್ಲೇನು ನಾವು?"

ಒಡತಿ ಅಡುಗೆಮನೆಯ ಕಿಟಕಿಯಿಂದಲೇ ಉತ್ತರ ಕೊಟ್ಟಳು. "ಮಾಸ್ತರ, ಸಿಟ್ಟ್ಯಾಕ ಆಗ್ತೀರಿ? ಕುಂತ ಕುಂತ ನಿಮ್ಮವ್ವಗ ಬ್ಯಾಸರ ಬರ್ತೈತಿ. ಕೈಗೆ ರೂಢಿ ಇದ್ದ ಕೆಲಸ ಅಲ್ಲೇನ್ರಿ?"

ಆಕೆ ಕೆಟ್ಟವಳಲ್ಲ. ಹಬ್ಬಕ್ಕೆ ಹೋಳಿಗೆ ಕೊಟ್ಟವಳೇ. ಆದರೆ ಮುಂದಿನ ವಾರ ಪಕ್ಕದ ಮನೆಯ ಧೋತರ ಬಂತು, ಅದರ ಮರುವಾರ ಎದುರುಮನೆಯ ಹೊದೆಯುವ ಕೌದಿ ಬಂತು. ನಾನು ಶಾಲೆಯಲ್ಲಿ ಅವರದೇ ಮಕ್ಕಳಿಗೆ ಗಣಿತ ಹೇಳಿಕೊಡುತ್ತಿದ್ದ ಹೊತ್ತಿಗೆ ಅವರ ಬಟ್ಟೆಯ ಗಂಟುಗಳು ನನ್ನ ಬಾಗಿಲಲ್ಲಿ ಬಂದು ಕೂರುತ್ತಿದ್ದವು. ಅವ್ವನಿಗೆ ಇಲ್ಲ ಅನ್ನಲು ಬರುತ್ತಿರಲಿಲ್ಲ. ಹುಟ್ಟಿದಾಗಿನಿಂದ ಆ ಮಾತನ್ನು ಆಕೆಗೆ ಯಾರೂ ಕಲಿಸಿರಲಿಲ್ಲ. ಹೀಗಾಗಿ ನನಗೆ ಬೇಕಾಗಿದ್ದದ್ದು ಒಂದೇ: ಯಾರ ಗಂಟೂ ಬಾಗಿಲಿಗೆ ಬಾರದಂಥ ಓಣಿ. ಮನೆ ಹೇಗಾದರೂ ಇರಲಿ.

ನಮ್ಮ ಶಾಲೆಯಲ್ಲಿ ಉರ್ದು ಕಲಿಸುತ್ತಿದ್ದ ಹಿರಿಯ ಮೌಲವಿ ಸಾಹೇಬರಿಗೆ ಊರಿನ ಖಾಲಿ ಮನೆಗಳೆಲ್ಲ ಬಾಯಿಪಾಠ. ಅವರ ಮುಂದೆ ಹೇಳಿಕೊಂಡೆ. ಅವರು ಗಡ್ಡ ನೀವಿಕೊಂಡು, "ಮಾಸ್ತರ್ ಸಾಬ್, ನೀವು ಸ್ಟೇಷನ್ ಕಡಿಗೆ ಹೋಗ್ರಿ. ಅಲ್ಲಿ ಎಲ್ಲಾ ಪರಊರಿನ ಮಂದಿ. ಯಾರು ಯಾರ ಮಗ ಅಂತ ಕೇಳೂದಿಲ್ಲ. ನೀವೂ ಹೇಳಬ್ಯಾಡ್ರಿ. ಖತಮ್!" ಎಂದರು.

"ಕೇಳಿದ್ರ?"

"ಕೇಳಿದ್ರ ಬಿ.ಎ. ಅನ್ರಿ. ಅದೂ ಒಂದ್ ಜಾತಿನೇ ಆಗೈತಿ ಈಗ."

ಆ ಮಾತು ನನಗೆ ಬಹಳ ಹಿಡಿಸಿತು. ಆದರೂ ಮೊದಲು ಕೋಟೆಯ ಬುಡದ ಓಣಿಯಲ್ಲಿ ಒಂದು ಮನೆ ನೋಡಿ ಬರೋಣವೆಂದು, ಆಗಿನ ಹೈದರಾಬಾದ್ ಸರಕಾರದಲ್ಲಿ ವಾರದ ರಜೆಯಾಗಿದ್ದ ಶುಕ್ರವಾರ ಅವ್ವನನ್ನು ಕರೆದುಕೊಂಡು ಹೊರಟೆ. ಕಲ್ಲಿನ ಕಟ್ಟಡ, ಬೇಸಿಗೆಯಲ್ಲೂ ತಣ್ಣಗಿರುವ ಪಡಸಾಲೆ, ಸುತ್ತ ಸಿರಿವಂತರ ಹಳೆಯ ವಾಡೆಗಳು. ನಾನು ತೊಲೆ, ಕಂಬ, ಗೋಡೆಯ ಬಿರುಕು ನೋಡುತ್ತಿದ್ದರೆ ಅವ್ವ ಒಳಗೇ ಬರಲಿಲ್ಲ. ಹೊರಗೆ ಬಂದು ನೋಡಿದರೆ, ಓಣಿಯುದ್ದಕ್ಕೂ ಹಗ್ಗದ ಮೇಲೆ ಒಣಹಾಕಿದ ಬಟ್ಟೆಗಳ ಅಂಚುಗಳನ್ನು ಒಂದೊಂದಾಗಿ ಮಗುಚಿ ನೋಡುತ್ತಿದ್ದಳು.

"ಯವ್ವಾ, ಬಿಡು. ಯಾರರ ನೋಡಿದ್ರ ಕಳ್ಳಿ ಅಂದಾರು."

"ಸುಮ್ನಿರೋ ತಮ್ಮಾ. ಇಲ್ಲಿ ನೋಡು." ಒಂದು ಧೋತರದ ಮೂಲೆಯಲ್ಲಿ ಕೇರುಬೀಜದ ಕಪ್ಪಿನಿಂದ ಹಾಕಿದ ಗುರುತು: ಎರಡು ಚುಕ್ಕೆ, ಒಂದು ಗೀಟು. ಯಾವ ಬಟ್ಟೆ ಯಾವ ಮನೆಯದೆಂದು ತಿಳಿಯಲು ಅಗಸರು ಹಾಕುವ ಗುರುತು ಅದು. ಪಕ್ಕದ ಮನೆಯ ಸೀರೆಯ ಮೇಲೆ ಮೂರು ಚುಕ್ಕೆ. ಅದರಾಚೆ ಒಂದು ಚುಕ್ಕೆ, ಎರಡು ಗೀಟು. "ಮನಿಗೊಂದ್ ಗುರ್ತ. ಹಾಕಿದ್ ಕೈ ಮಾತ್ರ ಒಂದ. ಇಡೀ ಓಣಿ ಒಬ್ಬಾಕಿ ಕೊಳ್ಳಾಗ ಐತಿ. ಮೂಲಿ ಮೂಲಿ ನೀಲಿ ನಿಂತೈತಿ, ಹಿಂಡಾಕ ಶಕ್ತಿ ಇಲ್ಲ ಆಕಿಗೆ. ವಯಸ್ಸಾದಾಕಿ. ಆಕಿ ಹಾಸಿಗಿ ಹಿಡದ್ರ ಈ ಬಟ್ಟಿ ಯಾರ ಬಾಗಲಿಗೆ ಬರ್ತಾವ ಹೇಳು?"

ಅಷ್ಟರಲ್ಲಿ ಮನೆಯ ಮಾಲೀಕರು ಬಂದರು. ಮೌಲವಿ ಸಾಹೇಬರಿಂದ ಎಲ್ಲ ತಿಳಿದುಕೊಂಡಿದ್ದರು. "ಬರ್ರಿ ಮಾಸ್ತರ. ಕಲ್ತವ್ರು ನೀವು, ನಿಮಗ ಕೊಡಾಕ ನಮ್ಮದೇನೂ ತಕರಾರಿಲ್ಲ. ಅದರ ಮ್ಯಾಲ ನಿಮ್ಮ ತಾಯಾರೂ ಅದಾರ. ನಮ್ಮ ಅಗಸರಾಕಿಗೆ ಈಗ ಆಗೂದಿಲ್ಲ. ಓಣಿಗೂ ಅನುಕೂಲ ಆತು."

ಅವ್ವ ನನ್ನ ಮುಖ ನೋಡಲಿಲ್ಲ. ನೋಡಿದ್ದರೆ ನಾನು ಏನಾದರೂ ಅಂದುಬಿಡುತ್ತಿದ್ದೆ. ನಮಸ್ಕಾರ ಹೇಳಿ ಇಬ್ಬರೂ ಇಳಿದು ಬಂದೆವು.

ಮುಂದಿನ ಶುಕ್ರವಾರ ಸ್ಟೇಷನ್ ಕಡೆ. ಒಬ್ಬ ಗುತ್ತೇದಾರರು ಕಟ್ಟಿಸಿದ್ದ ಮನೆ. ಮಂಗಳೂರು ಹೆಂಚು, ಗಾಜಿನ ಕಿಟಕಿ, ಒಂದು ಕೋಣೆಯ ಗೋಡೆಯಲ್ಲಿ ಪುಸ್ತಕ ಇಡಲೆಂದೇ ಕಟ್ಟಿದಂಥ ಗೂಡು. ಅಲ್ಲಿ ನನ್ನ ಪುಸ್ತಕ ಜೋಡಿಸಿ, ಬಾಗಿಲ ಮೇಲೆ ಹೆಸರಿನ ಮುಂದೆ ಬಿ.ಎ. ಎಂದು ಬರೆಸಿದ ಹಲಗೆಯನ್ನು ನಾನು ಮನಸ್ಸಿನಲ್ಲಿ ತೂಗುಹಾಕಿಯೂ ಆಗಿತ್ತು. ಗುತ್ತೇದಾರರು ಕುಲ ಕೇಳಲಿಲ್ಲ. ನಾನೂ ಹೇಳಲಿಲ್ಲ. ಮುಂದಿನ ಶುಕ್ರವಾರ ಬಂದು ಮಾತು ಪಕ್ಕಾ ಮಾಡುತ್ತೇನೆಂದೆ.

ಹೊರಡುವಾಗ ಗಾಳಿ ಎದ್ದಿತು. ಪಕ್ಕದ ಮನೆಯ ಅಂಗಳದಲ್ಲಿ ರೈಲ್ವೆ ಗುಮಾಸ್ತರ ಹೆಂಡತಿ ಬಟ್ಟೆ ತೆಗೆಯುತ್ತಿದ್ದರು. ಉದ್ದನೆಯ ಧೋತರವೊಂದು ಹಗ್ಗ ಬಿಟ್ಟು ಹಾರಿತು. ಅದು ನೆಲ ಮುಟ್ಟುವ ಮೊದಲೇ ಅವ್ವ ಎಡಗೈಯಲ್ಲಿ ಹಿಡಿದಳು. ಕೊಡವಿದಳು, ಅಂಚಿಗೆ ಅಂಚು ಕೂಡಿಸಿದಳು, ಗದ್ದದ ಕೆಳಗೆ ಒತ್ತಿ ಎರಡು ಸಲ ಮಡಚಿದಳು. ಕಣ್ಣು ಮುಚ್ಚಿ ತೆರೆಯುವಷ್ಟರಲ್ಲಿ ಅದು ಹಲಗೆಯಂತಾಗಿ ಗುಮಾಸ್ತರ ಹೆಂಡತಿಯ ಕೈಯಲ್ಲಿತ್ತು.

"ಅಯ್ಯ, ಎಷ್ಟು ಛಂದ ಮಡಚಿದ್ರಿ! ನಮ್ಮ ಅಗಸರಾಕಿಗೂ ಹಿಂಗ ಬರೂದಿಲ್ಲ ನೋಡ್ರಿ."

"ನಮ್ಮವ್ವಗ ಮನಿ ಕೆಲಸ ಭಾಳ ಅಚ್ಚುಕಟ್ಟರಿ," ಎಂದು ನಾನು ನಡುವೆ ಬಾಯಿ ಹಾಕಿದೆ.

ದಾರಿಯಲ್ಲಿ ಅವ್ವ ಎರಡೂ ಕೈಗಳನ್ನು ಸೆರಗಿನೊಳಗೆ ಸುತ್ತಿಕೊಂಡು ನಡೆಯುತ್ತಿದ್ದಳು. ಕಚೇರಿಯ ಮುಂದಿನ ಬೇವಿನ ಮರದ ಹತ್ತಿರ ನಿಂತು, "ನಾ ಏನರ ಕದ್ದೇನೇನೋ?" ಎಂದಳು.

"ಹಂಗ್ಯಾಕ ಅಂತಿ?"

"ಮತ್ತ ಈ ಕೈ ಎಲ್ಲಿ ಮುಚ್ಚಿಡ್ಲಿ? ಅಲ್ಲಿ ಗಂಟ ಬರೂದಿಲ್ಲ, ಖರೆ. ಆದ್ರ ದಿನಾ ಹಿಂಗ ಸೆರಗಿನ್ಯಾಗ ಕೈ ಸುತಗೊಂಡ ಕುಂದರಬೇಕು. ಇವತ್ತ ಮಡಚೂದು ನೋಡಿದ್ಲು, ನಾಳೆ ಮತ್ತೊಂದ್ ನೋಡ್ತಾಳ. ಅದಕಿಂತ ಮಂದಿ ಬಟ್ಟಿ ಒಗಿಯೂದ ಛಲೋ, ತಮ್ಮಾ. ನಿನಗ ಆ ಗೂಡು ಮನಸಿಗೆ ಬಂದೈತಿ, ನಂಗ ಗೊತ್ತೈತಿ. ನೀ ಅಲ್ಲಿರು. ನನ್ನ ಊರಿಗೆ ಬಿಟ್ಟ ಬಾ."

ಊರೆಂದರೆ ಮತ್ತೆ ಆ ಬುಟ್ಟಿ, ಆ ಬಾಗಿಲುಗಳು. ನಾನು ಸಿಟ್ಟಿನಲ್ಲಿ, "ಹಂಗಾರ ನೀನ ಹುಡುಕು ಓಣಿ!" ಎಂದೆ. ಸಿಟ್ಟಿನಲ್ಲಿ ಅಂದದ್ದನ್ನು ಆಕೆ ಅಪ್ಪಣೆ ಎಂದು ತಿಳಿದಳು.

ಮೂರು ದಿನ ನಾನು ಶಾಲೆಗೆ ಹೋದ ಮೇಲೆ ಅವ್ವ ಊರೆಲ್ಲ ತಿರುಗಿದಳು. ನಾಲ್ಕನೆಯ ದಿನ ನನ್ನನ್ನು ಪೇಟೆಯ ಆಚೆ, ನೇಕಾರರು ಹೆಚ್ಚಾಗಿರುವ ಒಂದು ಓಣಿಗೆ ಎಳೆದುಕೊಂಡು ಹೋದಳು. ಮಗ್ಗಗಳ ಸಪ್ಪಳ ಓಣಿಯ ತುಂಬ. ಮನೆಗಳು ಮಣ್ಣಿನ ಮಾಳಿಗೆಯವು. ಬಾಗಿಲಲ್ಲಿ ನಾನು ತಲೆ ತಗ್ಗಿಸಬೇಕಾಯಿತು. ಖಾಲಿ ಮನೆಯ ಚಾವಣಿ ಒಂದು ಕಡೆ ಕುಸಿದಿತ್ತು. ಕಿಟಕಿ ಇರಲೇ ಇಲ್ಲ, ಮೇಲೆ ಒಂದು ಬೆಳಕಿಂಡಿ ಅಷ್ಟೇ.

"ಇಲ್ಲೇನೈತಬೇ?"

"ಬಟ್ಟಿ ನೋಡು."

ನೋಡಿದೆ. ಹಗ್ಗ, ಬೇಲಿ, ಗೋಡೆ ಎಲ್ಲ ಕಡೆ ಬಟ್ಟೆ. ಇಸ್ತ್ರಿ ಕಂಡವಲ್ಲ, ನೀಲಿ ಕಂಡವಲ್ಲ. ಕೆಲವು ಚೆನ್ನಾಗಿ ಒಗೆದಿದ್ದವು, ಕೆಲವು ಸುಮ್ಮನೆ ನೀರಿನಲ್ಲಿ ಅದ್ದಿ ತೆಗೆದಿದ್ದವು. ಮನೆಗೊಂದು ಕೈ. ಒಂದರ ಮೂಲೆಯಲ್ಲೂ ಗುರುತಿರಲಿಲ್ಲ.

ಪಕ್ಕದ ಜಗುಲಿಯ ಮೇಲೆ ನೂಲು ಸುತ್ತುತ್ತಿದ್ದ ನೇಕಾರರ ಹೆಂಗಸು ತಲೆಯೆತ್ತಿದಳು. "ಯಾರ ಪೈಕಿ ಅವ್ವಾ?"

ನಾನು ಬಾಯಿ ತೆರೆಯುವುದರೊಳಗೆ ಅವ್ವ ಹೇಳಿಬಿಟ್ಟಳು: "ಅಗಸರು. ಇವ ನನ್ನ ಮಗ, ಸಾಲಿ ಮಾಸ್ತರ. ಈ ಮನಿ ನೋಡಾಕ ಬಂದೀವಿ."

ಆಕೆಯ ಕೈ ನಿಂತಿತು. "ಅಗಸರಂದ್ರ ನಿಮ್ಮ ಕಸುಬಿಗೆ ಇಲ್ಲಿ ಗಿರಾಕಿ ಇಲ್ಲ ನೋಡವ್ವಾ, ಮೊದಲ ಹೇಳ್ತೀನಿ. ಈ ಓಣ್ಯಾಗ ಯಾರೂ ಬಟ್ಟಿ ಹೊರಗ ಕೊಡೂದಿಲ್ಲ. ನನ್ನ ಗಂಡ ತನ್ನ ಧೋತರ ತಾನ ಒಗಕೋತಾನ. ಒಗೀಲಿಲ್ಲಂದ್ರ ಹೊಲಸ ಉಟ್ಗೊಂಡ ತಿರಗ್ತಾನ, ನಾ ಮುಟ್ಟೂದಿಲ್ಲ."

"ಅದಕ್ಕ ಬಂದೀನವ್ವಾ ನಾನು," ಎಂದು ಅವ್ವ ನಕ್ಕಳು. ಕೊಪ್ಪಳಕ್ಕೆ ಬಂದ ಮೇಲೆ ಆಕೆ ಬಾಯಿ ತುಂಬ ನಕ್ಕದ್ದನ್ನು ನಾನು ನೋಡಿದ್ದು ಅದೇ ಮೊದಲು.

ಗುತ್ತೇದಾರರಿಗೆ ಇಲ್ಲವೆಂದು ಮೌಲವಿ ಸಾಹೇಬರ ಕೈಯಲ್ಲೇ ಹೇಳಿ ಕಳಿಸಿದೆ. "ಗಾಜಿನ ಕಿಟಕಿ ಬಿಟ್ಟು ಬೆಳಕಿಂಡಿ ತಗೊಂಡ್ರಿ. ಬಿ.ಎ. ಮಾಡಿ ಏನು ಕಲ್ತ್ರಿ ನೀವು?" ಎಂದು ಅವರು ತಿಂಗಳುಗಟ್ಟಲೆ ಛೇಡಿಸಿದರು. ನಿಜ ಹೇಳುತ್ತೇನೆ, ನನಗೂ ಒಳಗೊಳಗೆ ಸಣ್ಣ ನೋವಿತ್ತು. ಇಷ್ಟು ಓದಿ ಮತ್ತೆ ಮಣ್ಣಿನ ಮಾಳಿಗೆಯ ಕೆಳಗೇ ಬಂದೆನಲ್ಲ ಎಂದು. ಆ ಮನೆಯನ್ನೇ ಕೊಂಡು, ಚಾವಣಿ ಸರಿಪಡಿಸಿ, ಗೋಡೆಗೆ ಸುಣ್ಣ ಬಳಿದು ಹೋಗಿ ಸೇರಿದೆವು. ಅಂದಿನಿಂದ ಶಾಲೆಯಿಂದ ಬರುವಾಗ ಓಣಿಯ ತಿರುವಿನಲ್ಲೇ ನನ್ನ ಕಣ್ಣು ಬಾಗಿಲಿಗೆ ಹೋಗುತ್ತಿತ್ತು. ಗಂಟು ಇದೆಯೋ ಇಲ್ಲವೋ. ಇರಲಿಲ್ಲ. ಆದರೂ ನಂಬಿಕೆ ಬರುತ್ತಿರಲಿಲ್ಲ.

ದಸರೆಯ ಮೇಲೆ ಬರುವ ಶೀಗಿ ಹುಣ್ಣಿಮೆಯ ಹಿಂದುಮುಂದಿನ ಒಂದು ದಿನ ತಿರುವಿಗೆ ಬಂದಾಗ ಕಂಡೆ: ಆ ನೇಕಾರರ ಹೆಂಗಸು ಬಟ್ಟೆಯೊಂದನ್ನು ಮುದ್ದೆ ಮಾಡಿ ಹಿಡಿದುಕೊಂಡು ನಮ್ಮ ಹಿತ್ತಲಿಗೆ ಹೋಗುತ್ತಿದ್ದಳು. ಕಡೆಗೂ ಬಂತು ಅನ್ನಿಸಿತು. ಏನೇನು ಅನ್ನಬೇಕೆಂದು ಹಲ್ಲು ಕಚ್ಚಿ ಕೂಡಿಸಿಕೊಳ್ಳುತ್ತ ದಾಪುಗಾಲು ಹಾಕಿದೆ.

ಹಿತ್ತಲಲ್ಲಿ ಅವ್ವ ಗೋಡೆಗೆ ಒರಗಿ ಎಲೆ ಅಡಿಕೆ ಹಾಕಿಕೊಳ್ಳುತ್ತ ಕೂತಿದ್ದಳು. ಕಲ್ಲಿನ ಮುಂದೆ ಸೀರೆ ಎತ್ತಿ ಕಟ್ಟಿ ಕೂತವಳು ಆ ಹೆಂಗಸು. ಮಗನ ಹೊಸ ಧೋತರಕ್ಕೆ ಬಂಡಿಯ ಕೀಲೆಣ್ಣೆ ಮೆತ್ತಿತ್ತು.

"ಮೊದಲ ಕುಸುಬಿ ಎಣ್ಣಿ ಹಚ್ಚು," ಎನ್ನುತ್ತಿದ್ದಳು ಅವ್ವ.

"ಎಣ್ಣಿ ಕಲಿಗೆ ಎಣ್ಣಿ ಹಚ್ಚಂತಿಯಲ್ಲ ಯಕ್ಕಾ, ತಲಿ ನೆಟ್ಟಗೈತಿಲ್ಲೋ?"

"ನೀ ಹಚ್ಚಿ ಮಾತಾಡು. ಹಾಂ. ಈಗ ಸವಳ ಮಣ್ಣ ಹಾಕಿ ತಿಕ್ಕು. ಇದೇನ ತಿಕ್ಕೂದು, ಕೂಸಿನ ಬೆನ್ನ ಸವರಿದಂಗ? ಜೋರ ತಿಕ್ಕು!"

"ಕೈ ಹೋದ್ವ ನಮ್ಮವ್ವ! ನೀ ಒಂಚೂರು ತಿಕ್ಕಬಾರ್ದೇನು?"

"ಒಲ್ಲೆ," ಎಂದಳು ಅವ್ವ, ಸುಣ್ಣದ ಬೆರಳನ್ನು ಗೋಡೆಗೆ ಒರೆಸುತ್ತ. "ನಿನ್ನ ಮಗನ ಧೋತರ, ನೀ ತಿಕ್ಕು."

ಆ ಹೆಂಗಸು ಬೈದುಕೊಳ್ಳುತ್ತ, ನಗುತ್ತ ಮತ್ತೆ ತಿಕ್ಕತೊಡಗಿದಳು. ನಾನು ಬಂದದ್ದನ್ನು ಇಬ್ಬರೂ ನೋಡಲಿಲ್ಲ. ಸದ್ದು ಮಾಡದೆ ಒಳಗೆ ಹೋಗಿ, ಬುಟ್ಟಿಯಲ್ಲಿ ಅವ್ವ ಬಡಿದಿಟ್ಟಿದ್ದ ರೊಟ್ಟಿ ತೆಗೆದುಕೊಂಡು ಕೂತೆ. ಎರಡು ತಿಂದ ಮೇಲೂ ಇನ್ನೊಂದು ಬೇಕೆನಿಸಿತು.