ಮುದ್ದೆಯೊಳಗಿನ ಗಡಿ

ತಟ್ಟೆಗೆ ಮುದ್ದೆ ಬಿದ್ದರೆ ವೆಂಕಟಪ್ಪ ಮೇಷ್ಟ್ರು ಊಟ ಶುರು ಮಾಡುತ್ತಿರಲಿಲ್ಲ, ಪಾಠ ಶುರು ಮಾಡುತ್ತಿದ್ದರು. ನಡುವೆ ಗುಳಿ ತೋಡಿ, ಸಾರು ಹುಯ್ದು, ಅದರಲ್ಲಿ ಮುದ್ದೆಯ ಚೂರೊಂದನ್ನು ಇಡುವರು.

“ನೋಡಪ್ಪ, ಮುದ್ದೆ ಬಾಂಗ್ಲಾದೇಶ. ಒಳಗಿನ ಸಾರು ನಮ್ಮ ನೆಲ. ಸಾರೊಳಗಿನ ಚೂರು ಮತ್ತೆ ಅವರ್ದು. ಅದರ ಮೇಲೆ ಸಾಸಿವೆಕಾಳು ಐತಲ್ಲ, ಅದು ಮತ್ತೆ ನಮ್ದು!”

“ಆರೋಯ್ತು ನಿಮ್ ದೇಶ, ಮೊದ್ಲು ತಿನ್ನಿ,” ಎಂದು ಅವರ ಹೆಂಡತಿ ಗದರುವರು.

ಚಿಂತಾಮಣಿಯ ಕಾಲೇಜಿನಲ್ಲಿ ನನಗೆ ಇತಿಹಾಸ ಕಲಿಸಿದವರು ಅವರು. ನಮ್ಮ ಪಾಠದಲ್ಲಿ ಇರಲಿ ಬಿಡಲಿ, ಭಾರತ–ಬಾಂಗ್ಲಾ ಗಡಿ ಒಪ್ಪಂದ ಪ್ರತಿ ವರ್ಷ ಬಂದೇ ಬರುತ್ತಿತ್ತು. ಒಬ್ಬರ ದೇಶದೊಳಗೆ ಸಿಕ್ಕಿಕೊಂಡ ಇನ್ನೊಬ್ಬರ ತುಂಡು ನೆಲಗಳನ್ನು ಅದಲುಬದಲು ಮಾಡಿಕೊಳ್ಳಲು ೧೯೭೪ರಲ್ಲಿ ಸಹಿ ಬಿತ್ತು. ಆ ಕಡೆಯವರು ಬೇಗ ಒಪ್ಪಿದರು. ನಮ್ಮ ಸಂಸತ್ತು ಒಪ್ಪಿದ್ದು ೨೦೧೫ರಲ್ಲಿ. ಅಷ್ಟು ಕಾಲ ಆ ತುಂಡು ನೆಲಗಳ ಜನಕ್ಕೆ ಓಟಿಲ್ಲ, ಕರೆಂಟಿಲ್ಲ. “ನೀನು ಮೊದ್ಲು, ನೀನು ಮೊದ್ಲು ಅಂತ ಕೂತ್ರೆ ಸಾಯೋರು ನಡುವಿನೋರು ಕಣಪ್ಪ,” ಎಂದು ಬೋರ್ಡಿಗೆ ಒರಗಿ ನಿಟ್ಟುಸಿರು ಬಿಡುವರು.

ಅವರದೇ ಒಂದು ಗಡಿ ಅಂಬಾಜಿದುರ್ಗದ ಬೆಟ್ಟದ ಕೆಳಗಿತ್ತು. ಅಣ್ಣತಮ್ಮಂದಿರು ಭಾಗವಾದಾಗ ಮೇಷ್ಟ್ರ ಹೊಲದ ನಡುವಿನ ಹುಣಸೆಮರ ತಮ್ಮ ಮುನಿಯಪ್ಪನಿಗೆ ಹೋಯಿತು. ಮುನಿಯಪ್ಪನ ಹೊಲದೊಳಗಿನ ಬಾವಿ ಮೇಷ್ಟ್ರಿಗೆ ಬಂತು. ಹುಣಸೆ ಬಡಿಯಲು ಇವನು ಬರುವಂತಿಲ್ಲ, ನೀರು ಸೇದಲು ಅವರು ಹೋಗುವಂತಿಲ್ಲ. ಮಾತೂ ನಿಂತುಹೋಯಿತು.

ಸಂಸತ್ತು ಒಪ್ಪಿದ ವಾರ ಮೇಷ್ಟ್ರು ನನ್ನನ್ನು ಕರೆಸಿದರು. “ನಾವೂ ಅದಲುಬದಲು ಮಾಡ್ಕೊಳಣ. ಮರ ನಂಗೆ, ಬಾವಿ ಅವನಿಗೆ. ನೀನು ರಾಯಭಾರಿ. ಪದ್ಧತಿ ಪ್ರಕಾರನೇ ಹೋಗ್ಬೇಕು.”

ಹೋದೆ. ಮುನಿಯಪ್ಪ ಹಸುವಿಗೆ ಮೇವು ಹಾಕುತ್ತಾ ನಕ್ಕ. “ಅಣ್ಣಯ್ಯಂಗೆ ಕಾಲಿಲ್ವೇನಪ್ಪ? ಮರನೂ ಅವನೇ ಇಟ್ಕೊಳ್ಲಿ, ಬಾವಿನೂ ಅವನೇ ಇಟ್ಕೊಳ್ಲಿ. ಬದು ದಾಟಿ ಬಂದು ಒಂದ್ಸಲ ‘ಏಮಿರಾ’ ಅನ್ಲಿ, ಸಾಕು.” ಅವರ ಮನೆಮಾತು ತೆಲುಗು; ನಮ್ಮ ‘ಏನೋ’ ಅಂದಂತೆ.

ಇದನ್ನು ಹೇಳಿದಾಗ ಮೇಷ್ಟ್ರ ಕಣ್ಣು ತುಂಬಿತು. ಆದರೂ, “ದೊಡ್ಡೋನು ನಾನು. ಒಪ್ಪಿದೀನಿ ಅಂತ ಅವನು ಹೇಳಿ ಕಳಿಸ್ಲಿ, ಆಮೇಲೆ ಹೋಗಣ,” ಎಂದರು. ಜಗತ್ತಿನ ಒಪ್ಪಂದಗಳನ್ನೆಲ್ಲ ಅರೆದು ಕುಡಿದವರ ಮಾತಿದು! ನನಗೆ ಸಿಟ್ಟು ಬಂತು; ಆಮೇಲೆ ಬರೀ ಆಯಾಸ. ಹೋಗಿಬರುವುದು ನನಗೂ ಸಾಕಾಯಿತು. ಆ “ಆಮೇಲೆ” ವರ್ಷಗಳನ್ನೇ ನುಂಗಿತು.

ಕಳೆದ ಬೇಸಿಗೆಯಲ್ಲಿ ಮುನಿಯಪ್ಪ ತೀರಿಕೊಂಡ. ಮೇಷ್ಟ್ರು ಕೋಲೂರಿಕೊಂಡು ಬದು ದಾಟಿದರು. ತಮ್ಮನ ತಲೆಯ ಬಳಿ ಕುಸಿದು ಕೂತು, “ಏಮಿರಾ,” ಎಂದರು. ಅವನ ಹಣೆ ಸವರಿ ಮತ್ತೆ, “ಏಮಿರಾ.” ಅಲ್ಲಿದ್ದ ಯಾರಿಗೂ ಅವರನ್ನು ಎಬ್ಬಿಸುವ ಧೈರ್ಯ ಬರಲಿಲ್ಲ.

ತಿಂಗಳಾದ ಮೇಲೆ ಅವರ ಮನೆಗೆ ಹೋದೆ. ಅದೇ ಕೊನೆಯ ಭೇಟಿ. ಅವರ ಹೆಂಡತಿ ಬಿಸಿ ಮುದ್ದೆ ಇಟ್ಟು, ಸೌಟು ಹಿಡಿದು ಕಾದರು. ಮೇಷ್ಟ್ರ ಕೈ ಗುಳಿ ತೋಡಲಿಲ್ಲ.

“ಸಾರು ಪಕ್ಕಕ್ಕೆ ಹಾಕಮ್ಮ,” ಎಂದರು.