ಹನ್ನೆರಡು ಜೊತೆ ವಾಷರ್

ದಾಕ್ಷಾಯಣಮ್ಮನಿಗೆ ಕೊಳೆ ಕಂಡರಾಗದು. ಹೂಟಗಳ್ಳಿಯ ನಮ್ಮ ವರ್ಕ್‌ಶಾಪಿನಲ್ಲಿ ಹನ್ನೊಂದು ವರ್ಷದಿಂದ ಕಸ ಗುಡಿಸಿ, ಮೆಷಿನ್ ಒರೆಸುತ್ತಿದ್ದಾಳೆ. ಗಂಡ ಹಾಸಿಗೆ ಹಿಡಿದಿದ್ದಾನೆ; ಮನೆ ನಡೆಯುವುದು ಆಕೆಯ ಸಂಬಳದಲ್ಲೇ. ನಾನು ಮಂಟಯ್ಯ, ಫಿಟ್ಟರ್. ಕೋಪ ಮೂಗಿನ ತುದಿಯಲ್ಲೇ ಇರುತ್ತದೆ.

ಈ ಸಲದ ಆಯುಧಪೂಜೆಗೆ ಆಕೆ ನನ್ನ ಮೇಜಿನ ಮೇಲಿದ್ದ ವಾಷರ್‌ಗಳನ್ನೂ ಸೀಮೆಎಣ್ಣೆಯಲ್ಲಿ ತೊಳೆದು, ಒಂದೊಂದಕ್ಕೂ ಕುಂಕುಮವಿಟ್ಟು ಸಾಲಾಗಿ ಜೋಡಿಸಿಬಿಟ್ಟಿದ್ದಳು. ಅವು ಹನ್ನೆರಡು ಜೊತೆ. ಜೊತೆಯಲ್ಲಿ ಒಂದರ ಮೈ ಉಬ್ಬು, ಇನ್ನೊಂದರದು ಬಟ್ಟಲಿನಂತೆ ತಗ್ಗು. ಬೋಲ್ಟ್ ಕೊಂಚ ಓರೆಯಾದರೂ ಭಾರ ಇಡೀ ಮೈಗೆ ಹಂಚಿಹೋಗಲೆಂದು ಉಜ್ಜುವ ಪೇಸ್ಟ್ ಹಾಕಿ, ಒಂದಕ್ಕೊಂದು ತಿಕ್ಕಿ ತಿಕ್ಕಿ ಕೂರಿಸಿದ್ದೆ. ಒಂದು ಜೊತೆಯ ಉಬ್ಬು ಇನ್ನೊಂದು ಜೊತೆಯ ತಗ್ಗಿಗೆ ಕೂರುವುದಿಲ್ಲ. ಗುರುತಿಗೆ ಮಾರ್ಕರ್‌ನಲ್ಲಿ ಬರೆದಿದ್ದ ನಂಬರೆಲ್ಲ ಸೀಮೆಎಣ್ಣೆಗೆ ಅಳಿಸಿಹೋಗಿತ್ತು.

ವಿಜಯದಶಮಿ ರಜೆ ಮುಗಿಸಿ ಬೆಳಿಗ್ಗೆ ಬಂದು ನೋಡಿದರೆ ಯಾವುದಕ್ಕೆ ಯಾವುದು ಜೊತೆಯೆಂದೇ ತಿಳಿಯುವಂತಿರಲಿಲ್ಲ. ಹನ್ನೊಂದು ಗಂಟೆಗೆ ಅವನ್ನು ಒಯ್ಯಲು ಗಾಡಿ ಬರುವುದಿತ್ತು.

"ಏನಮ್ಮ ಮಾಡ್ಬುಟ್ಟೆ! ಗಣಪತಿ ಮಾಡೋಕ್ಹೋಗಿ ಅವರಪ್ಪನ್ನ ಮಾಡ್ದಂಗಾಯ್ತಲ್ಲ!"

"ಪೂಜೆ ದಿನ ಗಲೀಜಾಗಿತ್ತಲ್ಲಣ್ಣ, ಅದಕ್ಕೇ..."

"ಬಾಯ್ ಮುಚ್ಕೊಂಡು ನಿಂತ್ಕೊ! ಒಂದು ಮಾತಾಡ್ಬೇಡ!"

ಮಾಲೀಕರಾದ ವೃಷಭೇಂದ್ರಪ್ಪನವರು ಕೂಗಾಡಲಿಲ್ಲ. "ಒಂದು ಜೊತೆ ಕಮ್ಮಿಯಾದ್ರೂ ಈಯಮ್ಮ ನಾಳೆಯಿಂದ ಬರೋದು ಬೇಡ ಕಣಯ್ಯ" ಎಂದು ಹೇಳಿ ಒಳಗೆ ಹೋದರು.

ಕೂತೆ. ಉಬ್ಬಿಗೆ ನೀಲಿ ಬಣ್ಣ ತೆಳ್ಳಗೆ ಸವರಿ, ತಗ್ಗಿಗೆ ಒತ್ತಿ, ತುಸು ತಿರುಗಿಸಿ ತೆಗೆಯಬೇಕು. ತಗ್ಗಿನ ತುಂಬ ನೀಲಿ ಹತ್ತಿದರೆ ಜೊತೆ ಸಿಕ್ಕಿತು. ಅಂಚಿನಲ್ಲಷ್ಟೇ ಉಂಗುರ ಬಿದ್ದರೆ ಇಲ್ಲ. ದಾಕ್ಷಾಯಣಮ್ಮ ಪಕ್ಕದಲ್ಲಿ ನಿಂತು ಒರೆಸಿ ಒರೆಸಿ ಕೊಡುತ್ತಿದ್ದಳು. ನಡುವೆ ಗಾಡಿಯವನ ಫೋನು ಬಂತು. ಅವನ ಮೇಲೂ ಹಾರಾಡಿದೆ. ಹತ್ತೂವರೆಗೆ ಹನ್ನೊಂದು ಜೊತೆ ಎಣ್ಣೆ ಹಚ್ಚಿ ಪೊಟ್ಟಣ ಕಟ್ಟಿದ್ದಾಯಿತು. ಕೊನೆಗೆ ಉಳಿದವೆರಡನ್ನು ಒತ್ತಿ ತೆಗೆದೆ. ಬರೀ ಉಂಗುರ.

ಅಯ್ಯೋ ಶಿವನೇ! ಅಂದರೆ ಕಟ್ಟಿಟ್ಟ ಹನ್ನೊಂದರಲ್ಲಿ ಒಂದು ತಪ್ಪು ಜೊತೆಯಿದೆ. ಎಲ್ಲ ಬಿಚ್ಚಿ, ಒರೆಸಿ, ನೋಡಲು ಹೊತ್ತೆಲ್ಲಿದೆ? "ಹೋಯ್ತು, ಎಲ್ಲಾ ಹೋಯ್ತು" ಎಂದೆ.

ದಾಕ್ಷಾಯಣಮ್ಮ ಸೆರಗನ್ನು ಬಾಯಿಗೊತ್ತಿಕೊಂಡೇ ಏಳನೆಯ ಪೊಟ್ಟಣದ ಮೇಲೆ ಬೆರಳಿಟ್ಟಳು.

"ಇದಾ? ನಿನಗೆಂಗೆ ಗೊತ್ತು?"

"ಫೋನಲ್ಲಿ ಬಯ್ತಾ ಇದ್ರಲ್ಲಣ್ಣ, ಅವಾಗ ನೀವು ಸರ್ಯಾಗಿ ನೋಡ್ಲಿಲ್ಲ. ಇದ್ರಲ್ಲೂ ನೀಲಿ ಅಂಚಲ್ಲೇ ಇತ್ತು."

"ಅವಾಗ್ಲೇ ಹೇಳೋಕೇನಾಗಿತ್ತು?"

"ಮಾತಾಡ್ಬೇಡ ಅಂದ್ರಲ್ಲ."

ಬಿಚ್ಚಿ, ಅದಲುಬದಲು ಮಾಡಿ ಒತ್ತಿದೆ. ಎರಡರಲ್ಲೂ ತಗ್ಗಿನ ತುಂಬ ನೀಲಿ. ನನಗೆ ಸಂತೋಷವಾಗಲಿಲ್ಲ, ನಾಚಿಕೆಯಾಯಿತು. ತನ್ನ ಅನ್ನವೇ ಹೋಗುತ್ತಿದ್ದರೂ ಆಕೆ ಒಂದು ಗಂಟೆ ಸುಮ್ಮನೆ ನಿಂತಿದ್ದಳು, ನನ್ನ ಬಾಯಿಗೆ ಹೆದರಿ.

ಗಾಡಿ ಹೋದ ಮೇಲೆ ಮಾಲೀಕರು ಬಂದರು. "ಏನೋ ಬಚಾವಾದ್ವಿ. ಆದ್ರೂ ನಂಬರ್ ಅಳಿಸಿದ್ದಕ್ಕೆ ಈಯಮ್ಮಂಗೆ ಏನಾದ್ರೂ ದಂಡ ಹಾಕ್ಬೇಕಲ್ಲ, ಮಂಟಯ್ಯ?"

"ನಂಬರನ್ನ ಕೆತ್ತಬೇಕಿತ್ತು ಸಾರ್. ಸೋಮಾರಿತನಕ್ಕೆ ಮಾರ್ಕರಲ್ಲಿ ಗೀಚಿದೋನು ನಾನು. ಹಾಕೋದಾದ್ರೆ ನನಗೆ ಹಾಕಿ, ಅವರದೇನೂ ತಪ್ಪಿಲ್ಲ."