ಅಜ್ಜಿಯ ಹಸಿರು ಬಾಗಿಲು

ಬೆಳಿಗ್ಗೆ ಕಂಪ್ಯೂಟರ್ ಅಪ್‌ಡೇಟ್ ಆಗಿ ಮತ್ತೆ ತೆರೆದುಕೊಂಡಾಗ ನನ್ನ ಹಸಿರು ಪರದೆ ಪೂರ್ತಿ ಬೂದು ಬಣ್ಣವಾಗಿತ್ತು.

ನಾನು ಚಿಕ್ಕವಳಿದ್ದಾಗ ಹರಿಹರದ ನಮ್ಮ ಮನೆಯಲ್ಲಿ ಅಜ್ಜಿಗೆ ಕಣ್ಣು ಮಂಜಾಗಿತ್ತು. ಹಸಿರು ಕಂಡರೆ ಅಡುಗೆಮನೆಯ ಬಾಗಿಲು ಎಂದು ಗುರುತಿಟ್ಟುಕೊಂಡು ಯಾರ ಕೈಯನ್ನೂ ಹಿಡಿಯದೆ ಓಡಾಡುತ್ತಿದ್ದಳು. ಒಂದು ಯುಗಾದಿಗೆ ಅಪ್ಪ ಹುರುಪಿನಿಂದ ಗೋಡೆ, ಬಾಗಿಲು ಎಲ್ಲಕ್ಕೂ ಒಂದೇ ಕೆನೆಬಣ್ಣ ಬಳಿದ. ಬಾತಿ ಊರಿನ ಮಗಳ ಮನೆಯಿಂದ ಅಪ್ಪ ಕರೆತಂದ ಅಜ್ಜಿ ಪಡಸಾಲೆಯ ನಡುವೆಯೇ ನಿಂತುಬಿಟ್ಟಳು.

"ಯಾರ ಮನಿಗೆ ಕರ್ಕೊಂಡ್ ಬಂದಿಯೋ?"

"ನಮ್ದೇ ಮನಿ ಅಲ್ಲೇನವ್ವ! ಹೆಂಗೈತೆ ಬಣ್ಣ?"

"ಬಣ್ಣ ಸುಡ್ಲಿ, ಅಡಿಗಿಮನಿ ಎಲ್ಲೈತೆ?"

ಅಪ್ಪ ಊಟಕ್ಕೂ ಕೂರದೆ ಹೋಗಿ ಹಸಿರು ಬಣ್ಣದ ಡಬ್ಬಿ ತಂದ.

ಇಂದು ನಾನೂ ಕಂಪ್ಯೂಟರಿನ ಸೆಟ್ಟಿಂಗ್ಸ್‌ನಲ್ಲಿ ಹುಡುಕಿ ಹಸಿರನ್ನು ಮರಳಿ ತಂದೆ.

"ಹೊಸದೇ ಚೆನ್ನಾಗಿತ್ತಲ್ಲಮ್ಮ," ಎಂದಳು ಪಕ್ಕದಲ್ಲಿದ್ದ ನನ್ನ ಮಗಳು.

ಕನ್ನಡಕ ತೆಗೆದು ಪರದೆ ನೋಡಿದೆ. ಅಕ್ಷರಗಳೆಲ್ಲ ಕರಗಿದವು, ಹಸಿರು ಮಾತ್ರ ಉಳಿಯಿತು.